ಗೋದಲಿಯ ರೈಲ್ವೆ ಗೇಟು

ಗೋದಲಿಯಿಂದ ಕಿತ್ತ ಒಣಹುಲ್ಲನ್ನು ಬೆರಳುಗಳ ನಡುವೆ ಹಿಡಿದು ಡೀನ್ ಪುಟ್ಟ ರೈಲಿನ ಹಳಿಯ ಮೇಲೆ ಬಗ್ಗಿದ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಚರ್ಚಿನ ಕ್ರಿಸ್ಮಸ್ ಗೋದಲಿಯ ಸುತ್ತ ಈ ರೈಲು ಓಡಿಸಲು ಶುರುಮಾಡಿದ್ದೇ ಅವನು. ಎಂಟು ವರ್ಷ ಪರದೆಯ ಹಿಂದೆ ಕೂತು, ರೈಲು ಹತ್ತಿರ ಬಂದಾಗ ಸ್ವಿಚ್ ಒತ್ತಿ ಗೇಟು ಇಳಿಸಿದ್ದ. ಈ ಸಲ ಅದೇ ಚರ್ಚಿನ ಕಿರಿಯ ಹುಡುಗ ಬ್ರಯನ್ ಹಳಿಗಳ ನಡುವೆ ಇನ್‌ಫ್ರಾರೆಡ್ ಸೆನ್ಸರ್ ಕೂರಿಸಿದ್ದ. ಜೋಳದ ಕಾಳಿನಷ್ಟು ದೊಡ್ಡ ಎರಡು ಬಲ್ಬು, ಒಂದು ಬಿಳಿ, ಒಂದು ಕಪ್ಪು. ಗೇಟಿಗೆ ಈಗ ಯಾರ ಕೈಯೂ ಬೇಕಿರಲಿಲ್ಲ.

"ಮನುಷ್ಯನಿಗಿಂತ ಇದೇ ಕರೆಕ್ಟ್ ಉಂಟು ಮಾರಾಯ," ಎಂದು ಫಾದರ್ ಬೆಳಿಗ್ಗೆ ಬ್ರಯನನ ಬೆನ್ನು ತಟ್ಟಿದ್ದರು. ಎಂಟು ವರ್ಷದಲ್ಲಿ ಆ ಕೈ ಡೀನನ ಬೆನ್ನಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಈಗ ಕಾರಡ್ಕದಿಂದ ಗೋದಲಿ ಸ್ಪರ್ಧೆಯ ತೀರ್ಪುಗಾರರು ಬಂದಿದ್ದರು. ಬ್ರಯನ್ ಆಚೆ ತುದಿಯ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲನ್ನು ಅವರಿಗೆ ತೋರಿಸುತ್ತಿದ್ದ. ಬಲ್ಬುಗಳನ್ನು ಮುಚ್ಚಿಬಿಟ್ಟರೆ ಸೆನ್ಸರಿಗೆ ರೈಲು ಕಾಣುವುದಿಲ್ಲ, ಎಲ್ಲರೆದುರು ಗೇಟು ಬೀಳುವುದಿಲ್ಲ ಎಂದು ಡೀನ್ ಎಣಿಸಿದ್ದ. ಹುಲ್ಲನ್ನು ಅವುಗಳ ಮೇಲೆ ಒತ್ತಿ ಹಿಡಿದ.

ಟಕ್ಕೆಂದು ಗೇಟು ಬಿತ್ತು.

"ಎಂತ ಇದು? ರೈಲು ಇಲ್ಲೇ ಉಂಟಲ್ಲ!" ತೀರ್ಪುಗಾರರಲ್ಲಿ ಒಬ್ಬರಾದ ಡೈಸಿ ಟೀಚರ್ ನಕ್ಕರು. ಎಲ್ಲರೂ ತಿರುಗಿದರು. ಬ್ರಯನ್ ಮೊದಲು ಗೇಟು ನೋಡಿದ, ಆಮೇಲೆ ಡೀನನ ಕೈ.

"ಕೈ ತೆಗಿ ಡೀನಣ್ಣ. ಮೇಲೆ ಎಂತ ಬಂದರೂ ಅದಕ್ಕೆ ರೈಲೇ."

ಡೀನ್ ಹುಲ್ಲಿನ ಸಮೇತ ಕೈ ತೆಗೆದ. ಗೇಟು ತಾನಾಗಿ ಮೇಲೆದ್ದಿತು.