ನೆಟ್ಟಗೆ ನಿಲ್ಲು

"ಹಿಡ್ಕೊಂಡಾದ್ರೂ ಹೋಗ್ರೋ, ಇಲ್ಲಿದೀವಿ!" ಪೋಲೆಂಡಿನ ಗಡಿಬೇಲಿಯ ಕ್ಯಾಮೆರಾದತ್ತ ಶಿಲಾನ್ ಕಿರುಚಿದಳು. ಇರಾಕಿನ ಸುಲೈಮಾನಿಯದಲ್ಲಿ ಚಹಾದಂಗಡಿ ಇಟ್ಟಿದ್ದ ಅಪ್ಪ ರೋಸ್ತಮ್ ಅವಳ ಬೆನ್ನ ಮೇಲೆ ಜ್ವರದಿಂದ ಜೋತುಬಿದ್ದಿದ್ದ.

ನಿನ್ನೆಯವರೆಗೂ ಇದೇ ಕ್ಯಾಮೆರಾಕ್ಕೆ ಹೆದರಿ ಇಬ್ಬರೂ ಕಾಡಿನಲ್ಲಿ ಅಂಬೆಗಾಲಿಟ್ಟಿದ್ದರು. ಬಗ್ಗಿ ನಡೆದರೆ ಯಂತ್ರ ಕಾಡುಹಂದಿಯೆಂದು ಬಿಟ್ಟುಬಿಡುತ್ತದೆ, ನೆಟ್ಟಗೆ ನಿಂತ ಮನುಷ್ಯರನ್ನು ಕಂಡರಷ್ಟೇ ಸೈನಿಕರನ್ನು ಕರೆಯುತ್ತದೆ ಎಂದು ಗಡಿ ದಾಟಿಸುವವನು ಹೇಳಿಕೊಟ್ಟಿದ್ದ. "ನಿಮ್ಮಮ್ಮ ಜೀವಮಾನವಿಡೀ ನನ್ನನ್ನ ಕತ್ತೆ ಅಂತಿದ್ಲು. ನೋಡು, ಕೊನೆಗೂ ಅವಳೇ ಗೆದ್ಲು" ಎಂದು ಅಪ್ಪ ನಕ್ಕಿದ್ದ. ಈಗ ಅವನಿಗೆ ಕೂರಲೂ ತ್ರಾಣವಿಲ್ಲ. ಸೆರೆಯಾದರೂ ಸರಿ, ಅವನಿಗೊಬ್ಬ ಡಾಕ್ಟರು ಸಿಕ್ಕರೆ ಸಾಕಿತ್ತು.

ಕ್ಯಾಮೆರಾ ಅವರತ್ತ ತಿರುಗಿತು, ಕ್ಷಣ ನಿಂತು ನೋಡಿತು, ಸುಮ್ಮನೆ ಮುಂದೆ ಸರಿಯಿತು. ಶಿಲಾನ್ ಹಿಮದ ಮೇಲೆ ಬಿದ್ದ ತನ್ನ ನೆರಳನ್ನು ನೋಡಿದಳು. ಬಾಗಿದ ಮೈ, ಮೇಲೊಂದು ಗೂನು, ನೇತಾಡುವ ಕಾಲುಗಳು. ಅದು ಯಾವುದೋ ಮೃಗದ ನೆರಳಿನಂತಿತ್ತು.

"ನನ್ನ ಇಳ್ಸಮ್ಮ," ಅಪ್ಪ ಕಿವಿಯಲ್ಲಿ ಉಸುರಿದ. "ಆ ಕಡೆ ಹೋಗಿ ಒಬ್ಳೇ ನಿಲ್ಲು."

ಅವನನ್ನು ಹಿಮದ ಮೇಲೆ ಮಲಗಿಸಿ, ದೂರ ಸರಿದು, ಎರಡೂ ಕೈ ಎತ್ತಿ ನೆಟ್ಟಗೆ ನಿಂತಳು. ತಕ್ಷಣ ಸೈರನ್ ಕೂಗಿತು.

"ಚಳಿ ಮಗಳೇ... ಹತ್ರ ಬಾ," ಎಂದ ಅಪ್ಪ.

ಬಗ್ಗಿದರೆ ಸೈರನ್ ಎಲ್ಲಿ ನಿಂತುಬಿಡುತ್ತದೋ ಎಂದು ಶಿಲಾನ್ ಎತ್ತಿದ ಕೈ ಇಳಿಸಲೇ ಇಲ್ಲ.