ಹೊಸ ಬೋರ್ಡಿಗೆ ಹಳೇ ವಿವರ

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ. ಆಗಷ್ಟೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಬೇಬಿ ವಾರ್ಮರ್ ತಯಾರಿಸುವವರು...

ವಾರಿಜಾ ಅಲ್ಲಿ ಇಂಜಿನಿಯರ್. ಮಧ್ಯಾಹ್ನ ಆಸ್ಪತ್ರೆಯ ಡಾಕ್ಟರುಗಳು ಮಷಿನ್ ನೋಡಲು ಬರುವವರಿದ್ದರು. ಇಲ್ಲಿ ನೋಡಿದರೆ ಸ್ಕ್ರೀನ್ ಮೇಲೆ ಉಷ್ಣಾಂಶವೇ ಬರುತ್ತಿಲ್ಲ...

ತಾನೇ ಕೈಯಾರೆ ಕಟ್ಟಿದ ಮಷಿನ್. ಆದರೂ ಇವತ್ತಿಗೆ ಈ ಕೆಲಸ ಬಿಟ್ಟುಬಿಡೋದೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇನ್ನು ತಡೆಯುವ ಶಕ್ತಿ ಇರಲಿಲ್ಲ.

"ಸೆನ್ಸರ್ ಚಲೋ ಐತ್ರಿ ಸರ್, ವೈರೂ ಚಲೋ ಐತಿ. ಆದ್ರೂ ಕರ್ನಲ್ ಮಾತ್ರ ಸೆನ್ಸರ್ ಇಲ್ಲೇ ಇಲ್ಲ ಅಂತೈತ್ರಿ..." ಅಂತ ಹಿರಿಯರಾದ ಫಕೀರೇಶ ಸರ್ ಹತ್ತಿರ ಹೇಳಿದಳು.

ಕರ್ನಲ್ ಅಂದರೆ ಮಷಿನ್ ಒಳಗೆ ಕೂತು ಎಲ್ಲ ನಡೆಸುವ ಸಾಫ್ಟ್‌ವೇರ್ ಯಜಮಾನ. ಪಾಪ, ಅದಕ್ಕೆ ಕಣ್ಣಿಲ್ಲ. ಸರ್ಕ್ಯೂಟ್ ಬೋರ್ಡಿನಲ್ಲಿ ಯಾವ ಭಾಗ ಯಾವ ತಂತಿಯಲ್ಲಿದೆ ಅಂತ ನಾವೇ ಡಿವೈಸ್ ಟ್ರೀ ಅನ್ನೋ ಫೈಲಿನಲ್ಲಿ ಬರೆದುಕೊಡಬೇಕು.

ಫಕೀರೇಶ ಸರ್ ಆ ಫೈಲ್ ನೋಡಿದರು... ನಕ್ಕರು.

"ಏನ್ ತಂಗಿ, ಬೋರ್ಡ್ ಹೊಸಾದು, ವಿವರ ಹಳೇ ಬೋರ್ಡಿಂದು. ಹೊಸದರಾಗ ಸೆನ್ಸರ್ ಬ್ಯಾರೆ ತಂತಿಗೆ ಹೋಗೈತಿ. ಪಾಪ ಕರ್ನಲ್ಲು ಖಾಲಿ ಮನಿ ಬಾಗಲಾ ಬಡ್ಯಾಕತ್ತೈತಿ... ನೀ ಹೇಳಲಿಲ್ಲಂದ್ರ ಅದಕ್ಕೇನ್ ಕನಸು ಬೀಳತೈತೇನು?"

ವಾರಿಜಾ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಸರ್... ಹೋದ ತಿಂಗಳು ರಜಾ ಹಾಕಿದ್ನೆಲ್ರಿ... ಅದು ಜ್ವರ ಅಲ್ರಿ. ಹೊಟ್ಟ್ಯಾಗಿನ ಕೂಸು ಉಳೀಲಿಲ್ಲ..." ಬಿಕ್ಕುತ್ತಲೇ ಮುಂದುವರಿಸಿದಳು.

"ಮೂರು ತಿಂಗಳು ತುಂಬೋತನಕ ಯಾರಿಗೂ ಹೇಳಬ್ಯಾಡ ಅಂದಿದ್ರು ಅತ್ತಿ. ಇರೋದನ್ನ ಹೇಳಿದ್ದಿಲ್ಲ... ಹೋದದ್ದನ್ನ ಹೆಂಗ್ ಹೇಳ್ಲಿ ಅಂತ..."

ಫಕೀರೇಶರ ನಗು ಅಲ್ಲೇ ಆರಿಹೋಯಿತು. ಕಣ್ಣು ವಾರ್ಮರ್ ಪಕ್ಕದ ಗೊಂಬೆಯ ಮೇಲೆ ಬಿತ್ತು. ಟೆಸ್ಟ್ ಮಾಡಲೆಂದು ಇಟ್ಟ, ಕೂಸಿನಷ್ಟೇ ದೊಡ್ಡ ಗೊಂಬೆ...

"ಯವ್ವಾ... ದಿನಾ ಮುಂಜಾನೆ ಈ ಗೊಂಬಿ ಕೊಟ್ಟು 'ಕೂಸು ಮಲಗ್ಸು ವಾರಿಜಾ' ಅಂತ ನಗಚಾಟಿಕಿ ಮಾಡಾಂವ ನಾನ ಅಲ್ಲೇನು..."

ವಾರಿಜಾ ಕಣ್ಣೊರೆಸಿಕೊಂಡು ಹೊಸ ಬೋರ್ಡಿನ ವಿವರ ಬರೆದಳು. ಮಷಿನ್ ಮತ್ತೆ ಆನ್ ಮಾಡಿದಳು.

ಸ್ಕ್ರೀನ್ ಮೇಲೆ ಉಷ್ಣಾಂಶ ಮೂಡಿತು...

ಅಭ್ಯಾಸಬಲದಿಂದ ಗೊಂಬೆಯತ್ತ ಕೈ ಚಾಚಿದಳು. ಗೊಂಬೆ ಅಲ್ಲಿರಲಿಲ್ಲ. ಆಗಲೇ ಫಕೀರೇಶ ಸರ್ ಎತ್ತಿಕೊಂಡು ನಿಂತಿದ್ದರು.

"ನೀ ಕುಂದ್ರವಾ. ಇನ್ಮ್ಯಾಲೆ ಇದು ನನ್ನ ಕೆಲಸ. ಡಾಕ್ಟರ್ ಮುಂದೂ ನಾನ ಮಲಗಸ್ತೇನಿ."

ಅವಳ ದುಃಖ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ... ಆದರೆ ಅವತ್ತು ಅವಳು ಕೆಲಸ ಬಿಡಲಿಲ್ಲ.

*ಕಣ್ಣಿಲ್ಲದ ಕರ್ನಲ್ಲಿಗಷ್ಟೇ ಅಲ್ಲ... ಕಣ್ಣಿದ್ದವರಿಗೂ ನಮ್ಮೊಳಗೆ ಏನು ಬದಲಾಗಿದೆ ಅಂತ ಹೇಳಿದರೇನೇ ಗೊತ್ತಾಗೋದು.*

ನಿಮ್ಮವರ ಹತ್ತಿರ ಇರುವುದು ನಿಮ್ಮ ಹಳೇ ವಿವರವೋ... ಇವತ್ತಿನದೋ?