ಊರ್ಮಿಳೆ ಎದ್ದ ಸಂಜೆ

ಆ ಊರಿನ ಎಲ್ಲ ಹೆಂಗಸರಂತೆ ಕುಮುದಿನಿಗೂ ಮದುವೆಯ ದಿನವೇ ಗಂಡನ ನಿದ್ದೆಯನ್ನು ಧಾರೆ ಎರೆದು ಕೊಟ್ಟಿದ್ದರು. ತನ್ನದರ ಜೊತೆ ಅವನ ಪಾಲನ್ನೂ ಅವಳೇ ಮಲಗಿ ತೀರಿಸಬೇಕು. ದೂರದ ಬಂದರಿನಲ್ಲಿ ಕೆಲಸದಲ್ಲಿದ್ದ ಗಂಡ ಶ್ರೀಪತಿ ಹಗಲಿರುಳೂ ಎಚ್ಚರವಾಗಿರುತ್ತಿದ್ದ. ಅವಳಿಗೆ ಉಳಿಯುತ್ತಿದ್ದುದು ಸಂಜೆಯೊಂದೇ. ಆಗ ಗೆಜ್ಜೆ ಕಟ್ಟಿ, ಮೊಬೈಲನ್ನು ಕಿಟಕಿಗೆ ಒರಗಿಸಿ, ನೃತ್ಯದ ವಿಡಿಯೊ ಮಾಡುತ್ತಿದ್ದಳು.

ಅಂದು ಊರ್ಮಿಳೆಯ ಕತೆ. ಲಕ್ಷ್ಮಣ ಕಾಡಿಗೆ ಹೋಗಿದ್ದಾನೆ. ಅವನ ನಿದ್ದೆಯನ್ನೆಲ್ಲ ಹೊತ್ತು ಊರ್ಮಿಳೆ ಅರಮನೆಯಲ್ಲಿ ಮಲಗಬೇಕು. ಕುಮುದಿನಿ ಹಾಸಿಗೆಯತ್ತ ಹೆಜ್ಜೆ ಇಡುವಷ್ಟರಲ್ಲಿ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಶ್ರೀಪತಿಯ ಮುಖ ಮೂಡಿತು.

"ಇವತ್ತು ಬೇಗ ಮಲಗು ಮಾರಾಯ್ತಿ. ನನಗೆ ಕಣ್ಣು ಎಳೀತಾ ಉಂಟು."

"ಇದೊಂದು ಮುಗಿಸ್ತೇನೆ. ಊರ್ಮಿಳೆಯ ಕತೆ."

"ಅವಳದ್ದೆಂತ ಕತೆ? ಮಲಗಿದ್ಲು, ಅಷ್ಟೇ ಅಲ್ವಾ?"

ಕುಮುದಿನಿ ಹಾಸಿಗೆಯತ್ತ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು.

"ಇವತ್ತು ನಿಮ್ಮ ನಿದ್ದೆ ನೀವೇ ಮಾಡಿ. ನಾನು ಮಲಗುವುದಿಲ್ಲ."

ಅವನು ಏನೋ ಹೇಳಹೊರಟ. ಮಾತಿನ ನಡುವೆಯೇ ತಲೆ ಮೇಜಿಗೆ ವಾಲಿತು. ಮದುವೆಯಾದ ಮೇಲೆ ಅವನು ನಿದ್ದೆ ಮಾಡಿದ್ದನ್ನು ಅವಳು ಕಂಡಿರಲೇ ಇಲ್ಲ. ಕನ್ನಡಕ ಓರೆಯಾಗಿತ್ತು. ಸರಿಪಡಿಸಲು ಕೈ ಚಾಚಿದರೆ ಪರದೆಯ ಗಾಜು ತಣ್ಣಗೆ ತಗುಲಿತು.

ಬೀದಿಯ ಮನೆಗಳಲ್ಲಿ ಹೆಂಗಸರೆಲ್ಲ ಆಗಲೇ ಮಲಗಿದ್ದರು. ಕುಮುದಿನಿ ಮತ್ತೆ ಮೊಬೈಲಿನ ಮುಂದೆ ಬಂದು ನಿಂತಳು. ಅವಳ ಊರ್ಮಿಳೆ ಹಾಸಿಗೆಯಿಂದ ಎದ್ದು, ಅರಮನೆಯ ಕೋಣೆ ಕೋಣೆಯನ್ನೂ ಸುತ್ತಿ, ಮಾತಾಡಲು ಒಬ್ಬರೂ ಸಿಗದೆ, ಕೊನೆಗೆ ತಾನೇ ಬಾಗಿಲು ತೆರೆದು ಹೊರಗೆ ನಡೆದಳು.